ನಮ್ಮ ಬಡ್ಜಿ ತತ್ತಿ ಇಡುವ ಹಾಗಿದೆಯಾ? ಪದೇ ಪದೇ ಕೇಳುವ ಪ್ರಶ್ನೆಗಳು

ವಿಜಯಪುರದ ನಮ್ಮ ಮನೆಯ ಪಡಸಾಲೆಯಲ್ಲಿ ಬಹಳ ವರ್ಷಗಳಿಂದ ಬಡ್ಜಿ ಎಂಬ ಸಣ್ಣ ಸಾಕುಗಿಳಿಗಳಿವೆ. ಮನೆಗೆ ಬಂದವರು ಚಹಾ ಕುಡಿಯುತ್ತಾ ಪಂಜರದ ಕಡೆ ನೋಡಿ ಏನಾದರೂ ಕೇಳುತ್ತಾರೆ. ಬೆಳಗಾವಿಯಲ್ಲಿರುವ ತಂಗಿಯ ಓಣಿಯವರು ಫೋನ್ ಮಾಡುತ್ತಾರೆ. ಬಾಗಲಕೋಟೆ, ಜಮಖಂಡಿ, ಇಳಕಲ್ ಕಡೆಯ ಪರಿಚಯದವರು ಫೋಟೋ ಕಳಿಸಿ "ಇದೇನ್ರಿ ಹಿಂಗಾಗ್ಯಾದ?" ಎನ್ನುತ್ತಾರೆ. ಎಲ್ಲರಿಗೂ ಮರಿ ಯಾವಾಗ ಬರುತ್ತದೆ ಎಂಬ ಆಸೆ. ನಾನು ಮಾತ್ರ ಮೊದಲು ತಾಯಿಹಕ್ಕಿ ಹೇಗಿದೆ ಅಂತ ಕೇಳುತ್ತೇನೆ. ತತ್ತಿ ಬರುವ ಗುರುತನ್ನು ಮುಂಚೆಯೇ ಹಿಡಿಯಬೇಕಾದದ್ದು ಅವಳಿಗಾಗಿ. ಹಾಗೆ ಹಿಡಿದರೆ ಅವಳ ಊಟ, ಬಿಸಿಲು, ಜಾಗ ಸರಿ ಮಾಡಲು ನಮಗೆ ಒಂದೆರಡು ವಾರ ಸಿಗುತ್ತದೆ. ತತ್ತಿ ಒಳಗೇ ಸಿಕ್ಕಿಕೊಂಡರೆ ಕೆಲವೇ ತಾಸು ಉಳಿಯುತ್ತದೆ.

## ಮೊದಲ ಪ್ರಶ್ನೆಗಳು

ನಾವು ಸಾಕಿರೋದು ಲವ್ ಬರ್ಡ್ಸ್. ನೀವು ಬಡ್ಜಿ ಅಂತೀರಿ. ಎರಡೂ ಒಂದೇನಾ?

ನಮ್ಮ ಕಡೆ ಅಂಗಡಿಯಲ್ಲಿ ಲವ್ ಬರ್ಡ್ಸ್ ಅಂತ ಮಾರುವುದು ಹೆಚ್ಚಾಗಿ ಬಡ್ಜಿಯನ್ನೇ. ಉದ್ದ ಬಾಲ, ರೆಕ್ಕೆ ಮೇಲೆ ಅಲೆ ಅಲೆಯಾದ ಕಪ್ಪು ಗೆರೆ, ಹಸಿರು, ಹಳದಿ ಅಥವಾ ನೀಲಿ ಬಣ್ಣ ಇದ್ದರೆ ಅದು ಬಡ್ಜಿ. ಇದರ ಮೂಲ ಆಸ್ಟ್ರೇಲಿಯಾ. ನಿಜವಾದ ಲವ್ ಬರ್ಡ್ ಆಫ್ರಿಕಾ ಕಡೆಯದು, ಬಾಲ ಮೊಂಡು, ಕೊಕ್ಕು ದಪ್ಪ. ಕೆಳಗೆ ಹೇಳಿದ್ದೆಲ್ಲ ಬಡ್ಜಿಯ ಬಗ್ಗೆ.

ಗೋಲಗುಮ್ಮಟದ ಸುತ್ತ ಕಿರುಚುತ್ತಾ ಹಾರುವ ನಮ್ಮ ಹಸಿರು ಗಿಳಿ ಬೇರೆ. ಅದನ್ನು ಪಂಜರದಲ್ಲಿ ಇಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಗಿಡದಿಂದ ಬಿದ್ದ ಗಿಳಿಮರಿ ಸಿಕ್ಕರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ತಿಳಿಸಿ.

ಹೆಣ್ಣೋ ಗಂಡೋ ಅಂತಾನೇ ಗೊತ್ತಿಲ್ಲ. ಮೂಗು ನೋಡಿ ಹೇಳಬಹುದಾ?

ಹೇಳಬಹುದು. ಕೊಕ್ಕಿನ ಮೇಲೆ, ಮೂಗಿನ ಹೊಳ್ಳೆ ಇರುವ ಮೆತ್ತಗಿನ ಪಟ್ಟಿ ಇದೆಯಲ್ಲ, ಅದನ್ನು ನೋಡಿ. ಬೆಳೆದ ಗಂಡಿಗೆ ಅದು ಗಾಢ ನೀಲಿ. ಹೆಣ್ಣಿಗೆ ಬಿಳಿಚು, ಮಣ್ಣಿನ ಬಣ್ಣ ಅಥವಾ ಕಂದು. ಮರಿಗಳಲ್ಲಿ ಈ ಬಣ್ಣ ನಂಬುವ ಹಾಗಿಲ್ಲ. ಹೊಳ್ಳೆಯ ಸುತ್ತ ಬಿಳಿ ಉಂಗುರ ಇದ್ದರೆ ಹೆಣ್ಣು ಇರಬಹುದು ಅಂತ ಊಹಿಸಬಹುದು, ಅಷ್ಟೆ. ಪೂರ್ತಿ ಬಿಳಿ ಅಥವಾ ಪೂರ್ತಿ ಹಳದಿ, ಕೆಂಪು ಕಣ್ಣಿನ ಹಕ್ಕಿಗಳಲ್ಲಿ ಗಂಡು ಬೆಳೆದು ದೊಡ್ಡದಾದರೂ ಅದರ ಮೂಗು ಗುಲಾಬಿ ನೇರಳೆಯಾಗಿಯೇ ಉಳಿಯುತ್ತದೆ. ಅದನ್ನು ಹೆಣ್ಣು ಅಂದುಕೊಂಡು ಮೋಸಹೋದವರು ಬಹಳ ಜನ.

ಇರೋದು ಒಂದೇ ಹೆಣ್ಣು. ಗಂಡಿಲ್ಲದೇ ತತ್ತಿ ಹೆಂಗ ಇಡತೈತ್ರಿ?

ನಮ್ಮ ಮನೆಯ ಕೋಳಿ ಹುಂಜ ಇಲ್ಲದೆಯೂ ತತ್ತಿ ಇಡುತ್ತದಲ್ಲ, ಹಾಗೇ. ಹಗಲು ಉದ್ದವಾಗಿ, ಹೊಟ್ಟೆ ತುಂಬ ಕಾಳು ಸಿಕ್ಕಿ, ಕೂರಲು ಕತ್ತಲೆ ಮೂಲೆ ಕಂಡರೆ ಹೆಣ್ಣಿನ ಮೈ ತಾನಾಗಿಯೇ ತಯಾರಾಗುತ್ತದೆ. ಅಂಥ ತತ್ತಿಯಿಂದ ಮರಿ ಬರುವುದಿಲ್ಲ. ಆದರೂ ತಾಯಿಯ ಮೈಯಿಂದ ಹೋಗುವ ಶಕ್ತಿ ಮರಿಯಾಗುವ ತತ್ತಿಗೆ ಹೋಗುವಷ್ಟೇ. ಒಂಟಿ ಹೆಣ್ಣು ಸಾಕಿದವರೂ ಈ ಲಕ್ಷಣಗಳನ್ನು ಕಲಿಯಲೇಬೇಕು.

ಎಷ್ಟು ವಯಸ್ಸಿಗೆ ಶುರುವಾಗುತ್ತೆ? ಇದಕ್ಕೆ ಕಾಲ ಅಂತ ಇದೆಯಾ?

ಆರೇಳು ತಿಂಗಳಿಗೇ ಕೆಲವು ಹೆಣ್ಣುಗಳು ಚಡಪಡಿಸತೊಡಗುತ್ತವೆ. ಆದರೂ ಒಂದು ವರ್ಷ ತುಂಬುವ ತನಕ ಗೂಡು ಕೊಡಬೇಡಿ. ಎಳೆ ಮೈಗೆ ತತ್ತಿ ಸಿಕ್ಕಿಕೊಳ್ಳುವ ಅಪಾಯ ಜಾಸ್ತಿ.

ಆಸ್ಟ್ರೇಲಿಯಾದ ಒಣನೆಲದಲ್ಲಿ ಇವು ತಿಂಗಳು ನೋಡಿ ಮರಿ ಮಾಡುವುದಿಲ್ಲ. ಮಳೆ ಬಿದ್ದು ಹುಲ್ಲು ತೆನೆಗಟ್ಟಿದಾಗ ಮಾಡುತ್ತವೆ. ಆ ಗುಣ ಪಂಜರದಲ್ಲೂ ಹೋಗಿಲ್ಲ. ಬೆಳಗಾವಿಯಲ್ಲಿ ಮೃಗಶಿರ ಮಳೆ ಹಿಡಿದ ಮೇಲೆ ನನಗೆ ಬರುವ ಫೋನ್ ಹೆಚ್ಚಾಗುವುದು ಅದಕ್ಕೇ ಇರಬೇಕು. ಮನೆಯೊಳಗೆ ಟ್ಯೂಬ್ ಲೈಟ್ ರಾತ್ರಿ ಹನ್ನೊಂದರ ತನಕ ಉರಿಯುತ್ತಿದ್ದರೆ ವರ್ಷದ ಯಾವ ತಿಂಗಳಲ್ಲಾದರೂ ಶುರುವಾಗಬಹುದು.

## ತತ್ತಿಗೆ ಮುಂಚಿನ ಗುರುತುಗಳು

ತತ್ತಿ ಇಡೋಕೆ ತಯಾರಾಗ್ತಿದೆ ಅಂತ ಮೊದಲು ಗೊತ್ತಾಗೋದು ಯಾವುದರಿಂದ?

ಮೊದಲು ಮೂಗು ಹೇಳುತ್ತದೆ. ಬಿಳಿಚಾಗಿದ್ದ ಪಟ್ಟಿ ಕಂದಾಗಿ, ಆಮೇಲೆ ಗಾಢ ಕಂದಾಗಿ, ಮೇಲೆ ಸಿಪ್ಪೆ ಎದ್ದ ಹಾಗೆ ಒರಟಾಗುತ್ತದೆ. ಇದನ್ನು ರೋಗ ಅಂದುಕೊಂಡು ಕೆರೆಯಲು ಹೋಗಬೇಡಿ. ಕಾಲ ಮುಗಿದ ಮೇಲೆ ಆ ಸಿಪ್ಪೆ ತಾನೇ ಉದುರುತ್ತದೆ. ಆದರೆ ಮೂಗು ಕಂದಾದ ಎಲ್ಲ ಹೆಣ್ಣೂ ತತ್ತಿ ಇಡುವುದಿಲ್ಲ. "ಮೈ ಸಿದ್ಧ" ಎಂಬುದನ್ನು ಮಾತ್ರ ಅದು ಹೇಳುತ್ತದೆ.

ಎರಡನೆಯದು ಕೊಕ್ಕಿನ ಕೆಲಸ. ಇದ್ದಕ್ಕಿದ್ದ ಹಾಗೆ ಕಟ್ಟಿಗೆ ಕೊರೆಯುವುದು, ಪಂಜರದ ತಳಕ್ಕೆ ಹಾಸಿದ ಪೇಪರ್ ಚೂರು ಮಾಡುವುದು, ಕಾಳಿನ ಡಬ್ಬಿಯ ಹಿಂದೆ ತೂರುವುದು. ಪಂಜರದ ಹೊರಗೆ ಬಿಟ್ಟರೆ ಕಪಾಟಿನ ಸಂದಿ, ಪರದೆಯ ಹಿಂಬದಿ, ಮಡಚಿಟ್ಟ ಹಾಸಿಗೆಯ ಮಡಿಕೆ ಹುಡುಕುತ್ತದೆ. ಬಡ್ಜಿ ಹುಲ್ಲು ತಂದು ಗೂಡು ಕಟ್ಟುವ ಹಕ್ಕಿಯಲ್ಲ. ಮರದ ಪೊಟರೆಯನ್ನು ಕೊರೆದು ತನ್ನ ಅಳತೆಗೆ ಮಾಡಿಕೊಳ್ಳುವ ಹಕ್ಕಿ. ಆ ಕೊರೆಯುವ ಆಸೆಯೇ ಇದು.

ಜೊತೆಗೆ ಗಂಡಿದ್ದರೆ ಅವನನ್ನೂ ಗಮನಿಸಿ. ತಲೆ ಮೇಲೆ ಕೆಳಗೆ ಆಡಿಸುತ್ತಾ ಹಾಡುತ್ತಾನೆ, ತಿಂದ ಕಾಳನ್ನು ಕಕ್ಕಿ ಅವಳ ಬಾಯಿಗೆ ಇಡುತ್ತಾನೆ. ಅವಳು ತಲೆ, ಬಾಲ ಎರಡನ್ನೂ ಮೇಲೆತ್ತಿ, ಬೆನ್ನು ತಗ್ಗಿಸಿ ಅಲುಗಾಡದೆ ನಿಂತರೆ ಒಪ್ಪಿಗೆ ಅಂತ ಅರ್ಥ.

ಕೊನೆಗೆ ಬಯಕೆ. ಮೂರು ತಿಂಗಳಿಂದ ಮುಟ್ಟದ ಕಟಲ್ ಬೋನ್ (ಹಕ್ಕಿಗಳು ಸುಣ್ಣದಂಶಕ್ಕೆ ಕಡಿಯುವ, ಕಟಲ್ ಫಿಶ್ ಎಂಬ ಸಮುದ್ರಜೀವಿಯ ಬಿಳಿ ಎಲುಬು) ಎರಡೇ ದಿನದಲ್ಲಿ ಅರ್ಧ ಸವೆದಿರುತ್ತದೆ. ಬಸುರಿ ಹುಳಿ ಹುಡುಕಿದ ಹಾಗೆ ಇವಳು ಸುಣ್ಣದಂಶ ಹುಡುಕುತ್ತಾಳೆ. ಬೇರೆ ಗುರುತುಗಳ ಜೊತೆ ಇದೂ ಕಂಡರೆ ತತ್ತಿ ದೂರವಿಲ್ಲ ಅಂತ ನಾನು ಲೆಕ್ಕ ಹಾಕುತ್ತೇನೆ.

ಹಿಕ್ಕೆ ಒಮ್ಮೆಲೇ ದೊಡ್ಡದಾಗಿದೆ, ವಾಸನೆ ಬೇರೆ. ಭೇದಿ ಔಷಧ ಹಾಕಲಾ?

ಬೇಡ. ಇದು ತತ್ತಿಯ ಗುರುತುಗಳಲ್ಲೇ ಬಹಳ ಒಳ್ಳೆಯದು, ಆದರೆ ಜನ ಹೆದರುವುದೂ ಇದಕ್ಕೇ. ಗೂಡಲ್ಲಿ ಕೂತ ಹೆಣ್ಣು ಗೂಡು ಹೊಲಸಾಗಬಾರದು ಅಂತ ಹಿಕ್ಕೆಯನ್ನು ತಾಸುಗಟ್ಟಲೆ ತಡೆದು ಹಿಡಿಯುತ್ತದೆ. ಆಮೇಲೆ ಹೊರಗೆ ಬಂದು ಒಮ್ಮೆಲೇ ಹಾಕುತ್ತದೆ. ಶೇಂಗಾಕಾಳಿನಷ್ಟು ದಪ್ಪ, ಮೆತ್ತಗೆ, ಕೆಟ್ಟ ವಾಸನೆ. ಗೂಡೇ ಇಲ್ಲದಿದ್ದರೂ ಮೈ ತಯಾರಾದಾಗ ಹೀಗೆ ಮಾಡುತ್ತದೆ. ಬೆಳಗಿನ ಮೊದಲ ಹಿಕ್ಕೆ ಅತಿ ದೊಡ್ಡದಿರುತ್ತದೆ.

ಭೇದಿಯಾದರೆ ಹಿಕ್ಕೆ ಪದೇ ಪದೇ ಸ್ವಲ್ಪ ಸ್ವಲ್ಪ ಬರುತ್ತದೆ, ಬಾಲದ ಕೆಳಗಿನ ಪುಕ್ಕ ಒದ್ದೆಯಾಗಿ ಅಂಟಿರುತ್ತದೆ, ಹಕ್ಕಿ ಮಂಕಾಗಿರುತ್ತದೆ. ಇಲ್ಲಿ ಹಾಗಿಲ್ಲ. ಹಕ್ಕಿ ಚುರುಕಾಗಿದ್ದು, ಹಿಕ್ಕೆ ಕಡಿಮೆ ಸಲ ಆದರೆ ದೊಡ್ಡದು. ಹಿಕ್ಕೆಯಲ್ಲಿ ರಕ್ತ ಕಂಡರೆ ಮಾತ್ರ ತಡಮಾಡದೆ ಡಾಕ್ಟರಿಗೆ ತೋರಿಸಿ.

ಹೊಟ್ಟೆ ಉಬ್ಬಿದ ಹಾಗೆ ಕಾಣತೈತಿ. ಒಳಗ ತತ್ತಿ ಐತೋ ಇಲ್ಲೋ ಒತ್ತಿ ನೋಡಬಹುದಾ?

ಒತ್ತಲೇಬಾರದು. ಒಳಗೆ ತತ್ತಿ ಒಡೆದರೆ ತಾಯಿ ಉಳಿಯುವುದು ಕಷ್ಟ. ಕಣ್ಣಿನಿಂದ ನೋಡಿ ಸಾಕು. ಬಾಲದ ಬುಡದಲ್ಲಿ, ಹಿಕ್ಕೆ ಬರುವ ಜಾಗದ ಸುತ್ತ ದುಂಡಗೆ ಉಬ್ಬು ಕಾಣುತ್ತದೆ. ಕೋಲಿನ ಮೇಲೆ ಕಾಲು ಅಗಲಿಸಿ ಕೂರುತ್ತದೆ. ಸಾಮಾನ್ಯವಾಗಿ ಇದು ಮೊದಲ ತತ್ತಿಗೆ ಒಂದೆರಡು ದಿನ ಮುಂಚೆ.

ಅದಕ್ಕಿಂತ ಮೊದಲೇ ತಿಳಿಯಬೇಕೆಂದರೆ ತೂಕ ಮಾಡಿ. ಒಂದು ಗ್ರಾಂ ತೋರಿಸುವ ಅಡುಗೆಮನೆ ಡಿಜಿಟಲ್ ತಕ್ಕಡಿ ಸಾಕು, ಮೇಲೆ ಸಣ್ಣ ಡಬ್ಬಿ ಇಟ್ಟು ಹಕ್ಕಿಯನ್ನು ಕೂರಿಸಿ. ಸಾಮಾನ್ಯ ಬಡ್ಜಿ 30ರಿಂದ 40 ಗ್ರಾಂ ತೂಗುತ್ತದೆ. ಕೆಲವೇ ದಿನಗಳಲ್ಲಿ ನಾಲ್ಕೈದು ಗ್ರಾಂ ಏರಿದ್ದು, ಬೇರೆ ಗುರುತುಗಳೂ ಇದ್ದರೆ ತತ್ತಿ ಅಂತಲೇ ತಿಳಿಯಿರಿ. ಬೇರೆ ಗುರುತು ಇಲ್ಲದೆ ತಿಂಗಳುಗಟ್ಟಲೆ ಹೊಟ್ಟೆ ದಪ್ಪ ಇದ್ದರೆ ಕೊಬ್ಬು ಅಥವಾ ಗಡ್ಡೆ ಇರಬಹುದು, ಅದನ್ನು ಡಾಕ್ಟರ್ ನೋಡಬೇಕು.

ಕೂಡಿದ್ದು ಕಣ್ಣಾರೆ ನೋಡಿದೆ. ಎಷ್ಟು ದಿನಕ್ಕೆ ತತ್ತಿ?

ಸುಮಾರು 8ರಿಂದ 10 ದಿನ. ಆಮೇಲೆ ದಿನ ಬಿಟ್ಟು ದಿನ ಒಂದೊಂದು. ಒಂದು ಸಲಕ್ಕೆ ಸಾಮಾನ್ಯವಾಗಿ 4ರಿಂದ 6. ಕಾವು ಕೊಡುವುದು ಹೆಣ್ಣೊಂದೇ, 18 ದಿನ. ಗಂಡು ಅವಳಿಗೆ ಉಣಿಸುತ್ತದೆ. ಮೊದಲ ಒಂದೆರಡು ತತ್ತಿಯಿಂದಲೇ ಕಾವು ಶುರುವಾಗುವುದರಿಂದ ಮರಿಗಳೂ ಒಂದೇ ದಿನ ಬರುವುದಿಲ್ಲ, ಅಂತರ ಬಿಟ್ಟು ಬರುತ್ತವೆ.

ಮೊದಲು ಕೈ ಮೇಲೆ ಕೂರ್ತಿದ್ಲು, ಈಗ ಕಚ್ಚತಾಳ. ಸಿಟ್ಟಾಗ್ಯಾಳೇನು?

ನಿಮ್ಮ ಮೇಲೆ ಸಿಟ್ಟಿಲ್ಲ. ಜಾಗ ಕಾಯುತ್ತಿದ್ದಾಳೆ. ಈ ದಿನಗಳಲ್ಲಿ ಅದೇ ಪಂಜರದಲ್ಲಿ ಇನ್ನೊಂದು ಹೆಣ್ಣಿದ್ದರೆ ಕೂಡಲೇ ಬೇರೆ ಮಾಡಿ. ಇಬ್ಬರು ಹೆಣ್ಣುಗಳು ಒಂದೇ ಗೂಡಿಗೆ ರಕ್ತ ಬರುವ ಹಾಗೆ, ಸಾಯುವ ತನಕ ಕಾದಾಡುತ್ತವೆ. ಒಂದು ಮಾತು ಮಕ್ಕಳಿಗೂ ಹೇಳಿ: ಬೆನ್ನು ಸವರಬೇಡಿ. ಬೆನ್ನು ಸವರುವುದು ಅವಳಿಗೆ ಗಂಡಿನ ಸ್ಪರ್ಶದ ಹಾಗೆ ಅನಿಸಿ ಮೈ ಇನ್ನಷ್ಟು ತಯಾರಾಗುತ್ತದೆ. ತಲೆ, ಕೆನ್ನೆ ಸವರಿದರೆ ತೊಂದರೆಯಿಲ್ಲ.

## ನಾವು ಮಾಡಬೇಕಾದ ತಯಾರಿ

ಈಗ ಏನು ತಿನ್ನಿಸಬೇಕು? ಬಾಣಂತಿಗೆ ಕೊಡೋ ಅಂಟಿನ ಉಂಡಿ ಪುಡಿ ಹಾಕಿದ್ರ ನಡಿತೈತೇನ್ರಿ?

ಬೆಲ್ಲ, ತುಪ್ಪದ್ದು ಯಾವುದೂ ಬೇಡ. ಕೇಳಿದ ಅಜ್ಜಿಯ ಅಂತಃಕರಣ ದೊಡ್ಡದು, ಹಕ್ಕಿಯ ಹೊಟ್ಟೆ ಮಾತ್ರ ಬೇರೆ.

ಒಂದು ಲೆಕ್ಕ ನೋಡಿ. ಹಕ್ಕಿಯ ತೂಕ 35 ಗ್ರಾಂ, ತತ್ತಿ ಸುಮಾರು 2 ಗ್ರಾಂ. 60 ಕೆಜಿ ತೂಕದ ತಾಯಿ ದಿನ ಬಿಟ್ಟು ದಿನ ಮೂರೂವರೆ ಕೆಜಿಯ ಕೂಸು ಹೆತ್ತ ಹಾಗೆ, ಅದೂ ಐದಾರು ಸಲ. ಆ ಚಿಪ್ಪಿಗೆ ಬೇಕಾದ ಕ್ಯಾಲ್ಸಿಯಂ ಅನ್ನು ಹೆಣ್ಣು ಮುಂಚಿನಿಂದಲೇ ಎಲುಬಿನೊಳಗೆ ಕೂಡಿಡುತ್ತದೆ. ಕೂಡಿಟ್ಟದ್ದು ಸಾಲದಿದ್ದರೆ ತನ್ನ ಎಲುಬನ್ನೇ ಕರಗಿಸಿ ಕೊಡುತ್ತದೆ.

ಹಾಗಾಗಿ ಕಟಲ್ ಬೋನ್ ಯಾವಾಗಲೂ ಪಂಜರದಲ್ಲಿ ಇರಲಿ. ಸಿಗದಿದ್ದರೆ ಕೋಳಿ ತತ್ತಿಯ ಸಿಪ್ಪೆಯನ್ನು ಹತ್ತು ನಿಮಿಷ ಕುದಿಸಿ, ಒಣಗಿಸಿ, ತರಿಯಾಗಿ ಪುಡಿ ಮಾಡಿ ಬೇರೆ ಬಟ್ಟಲಲ್ಲಿ ಇಡಿ. ಕಾಳಿನಲ್ಲಿ ನಮ್ಮ ನವಣೆ, ಬರಗು, ಸಾವೆ, ಸಜ್ಜೆ ಎಲ್ಲ ಒಳ್ಳೆಯವು. ಆದರೆ ಬರೀ ಕಾಳಿನಲ್ಲಿ ಕ್ಯಾಲ್ಸಿಯಂ ಬಹಳ ಕಡಿಮೆ. ನುಗ್ಗೆ ತಪ್ಪಲು, ಮೆಂತೆ ತಪ್ಪಲು, ಕೊತ್ತಂಬರಿ ಚೆನ್ನಾಗಿ ತೊಳೆದು ದಿನಾ ಕೊಡಿ. ಪಾಲಕ್ ಅಪರೂಪಕ್ಕೆ ಸಾಕು, ಅದು ಕ್ಯಾಲ್ಸಿಯಂ ಮೈಗೆ ಹತ್ತಲು ಬಿಡುವುದಿಲ್ಲ. ಬೇಯಿಸಿದ ಕೋಳಿ ತತ್ತಿ ವಾರಕ್ಕೆ ಎರಡು ಸಲ ಚಿಟಿಕೆಯಷ್ಟು. ಬಟರ್ ಫ್ರೂಟ್ ಮತ್ತು ಚಾಕೊಲೇಟ್ ವಿಷ, ಹತ್ತಿರವೂ ತರಬೇಡಿ.

ತಿಂದ ಕ್ಯಾಲ್ಸಿಯಂ ಮೈಗೆ ಹತ್ತಲು ಬಿಸಿಲು ಬೇಕು. ಕಿಟಕಿ ಗಾಜಿನ ಹಿಂದಿನ ಬಿಸಿಲು ಲೆಕ್ಕಕ್ಕಿಲ್ಲ, ಬೇಕಾದ ಕಿರಣ ಗಾಜು ದಾಟುವುದಿಲ್ಲ. ಬೆಳಗಿನ ಎಳೆ ಬಿಸಿಲಿನಲ್ಲಿ ಪಂಜರವನ್ನು ಅರ್ಧ ನೆರಳಿರುವ ಹಾಗೆ ಹದಿನೈದು ಇಪ್ಪತ್ತು ನಿಮಿಷ ಹೊರಗಿಡಿ. ಅಷ್ಟೂ ಹೊತ್ತು ಪಕ್ಕದಲ್ಲೇ ಕೂತಿರಿ. ಬೆಕ್ಕು, ಕಾಗೆಗೆ ಒಂದು ಗಳಿಗೆ ಸಾಕು.

ಮಣ್ಣಿನ ಕುಡಿಕೆ ಕಟ್ಟಿದ್ರೆ ಸಾಕಾ, ಕಟ್ಟಿಗೆ ಪೆಟ್ಟಿಗೆನೇ ಬೇಕಾ?

ಕುಂಬಾರರು ಪಕ್ಕಕ್ಕೆ ತೂತು ಬಿಟ್ಟು ಮಾಡುವ ಕುಡಿಕೆ ನಮ್ಮ ಸೆಕೆಗೆ ಒಳ್ಳೆಯದೇ. ಬೆಳಗಾವಿಯ ಮಳೆಗಾಲಕ್ಕೆ ನಾನು ಕಟ್ಟಿಗೆ ಪೆಟ್ಟಿಗೆ ಮೇಲು ಅನ್ನುತ್ತೇನೆ, ಅಲ್ಲಿ ಮಣ್ಣು ಥಂಡಿ ಹಿಡಿಯುತ್ತದೆ. ಯಾವುದೇ ಇರಲಿ, ತಳ ಬಟ್ಟಲಿನ ಹಾಗೆ ಸ್ವಲ್ಪ ತಗ್ಗಾಗಿರಲಿ. ನುಣುಪಾದ ಸಪಾಟು ತಳದಲ್ಲಿ ತತ್ತಿ ಉರುಳುತ್ತದೆ, ಮರಿಗಳ ಕಾಲು ಎರಡೂ ಬದಿಗೆ ಜಾರಿ ಸೊಟ್ಟಗಾಗುತ್ತದೆ. ಬಡಿಗೇರ ಅಂಗಡಿಯಿಂದ ಪಾಲಿಶ್, ಔಷಧಿ ತಾಗದ ಕಟ್ಟಿಗೆಯ ದಪ್ಪ ಹೊಟ್ಟು ತಂದು ಹಾಸಿ. ಸಣ್ಣ ಪುಡಿ ಬೇಡ, ಉಸಿರಿಗೆ ಹೋಗುತ್ತದೆ.

ಮರಿ ಬೇಡ ಅನ್ನುವವರು ಕುಡಿಕೆ ಕಟ್ಟಲೇಬೇಡಿ. ಚೆಂದಕ್ಕೆ ಅಂತ ಸುಮ್ನೆ ತೂಗುಹಾಕಿದ ಕುಡಿಕೆಯೇ ಎಷ್ಟೋ ಮನೆಯಲ್ಲಿ ತತ್ತಿಗೆ ಕಾರಣ.

ವಿಜಯಪುರದ ಬ್ಯಾಸಗಿಯೊಳಗ ತತ್ತಿ ಇಡೋದು ಛಲೋ ಏನ್ರಿ?

ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಊರಲ್ಲಿ ಆದಷ್ಟು ತಪ್ಪಿಸಿ. ಆಗಲೇ ಶುರುವಾಗಿದ್ದರೆ ಸ್ನಾನಕ್ಕೆ ಅಗಲ ಬಟ್ಟಲಲ್ಲಿ ನೀರಿಡಿ. ತಾಯಿಯ ಒದ್ದೆ ಹೊಟ್ಟೆಯಿಂದ ತತ್ತಿಗೂ ತೇವ ಸಿಗುತ್ತದೆ. ಕೂಲರ್ ಗಾಳಿ ನೇರ ಬಡಿಯದಿರಲಿ.

## ತೊಡಕಾದಾಗ

ತತ್ತಿ ಸಿಕ್ಕಿಕೊಂಡಿದೆ ಅಂತ ಹೆಂಗ ಗೊತ್ತಾಗಬೇಕು?

ಈ ಪ್ರಶ್ನೆಗೆ ಉತ್ತರ ನನಗೆ ತಡವಾಗಿ ಗೊತ್ತಾಯಿತು. ನಮ್ಮ ಚಿನ್ನಿ ಎಂಬ ಹಳದಿ ಹೆಣ್ಣು ಒಂದು ಮೇ ತಿಂಗಳ ಬೆಳಿಗ್ಗೆ ಪಂಜರದ ತಳದಲ್ಲಿ ಕೂತಿತ್ತು. ಝಳಕ್ಕೆ ಹೀಗಾಗಿದೆ ಅಂದುಕೊಂಡೆ. ನೀರು ಚಿಮುಕಿಸಿ ಕೂಲರ್ ಮುಂದೆ ಇಟ್ಟೆ. ಬಿಸಿ ಬೇಕಾದ ಮೈಗೆ ಥಂಡಿ ಕೊಟ್ಟೆ. ಸಂಜೆಯ ಹೊತ್ತಿಗೆ ಚಿನ್ನಿ ಇರಲಿಲ್ಲ. ಆ ದಿನ ನೆನೆದರೆ ಇವತ್ತಿಗೂ ಕರುಳು ಹಿಂಡುತ್ತದೆ.

ಝಳ ಬಡಿದ ಹಕ್ಕಿ ಪುಕ್ಕವನ್ನು ಮೈಗೆ ಒತ್ತಿಕೊಂಡು ತೆಳ್ಳಗೆ ಕಾಣುತ್ತದೆ, ರೆಕ್ಕೆ ಮೈಯಿಂದ ದೂರ ಹಿಡಿಯುತ್ತದೆ, ಬಾಯಿ ತೆರೆದು ಏದುಸಿರು ಬಿಡುತ್ತದೆ. ತತ್ತಿ ಸಿಕ್ಕಿಕೊಂಡ ಹಕ್ಕಿ ಪುಕ್ಕ ಉಬ್ಬಿಸಿ ಚೆಂಡಿನ ಹಾಗೆ ಕೂರುತ್ತದೆ. ಕಣ್ಣು ಅರ್ಧ ಮುಚ್ಚಿರುತ್ತದೆ. ಬಾಲ ಉಸಿರಿನ ಜೊತೆ ಜೋರಾಗಿ ಮೇಲೆ ಕೆಳಗೆ ಆಡುತ್ತದೆ, ನಡುನಡುವೆ ತಿಣುಕುತ್ತದೆ. ಕಾಲಿನಲ್ಲಿ ಬಲ ಇರುವುದಿಲ್ಲ, ಕೋಲು ಹಿಡಿಯಲಾಗುವುದಿಲ್ಲ. ಹಿಕ್ಕೆ ನಿಂತಿರುತ್ತದೆ. ಸರಿಯಾಗಿ ತತ್ತಿ ಇಡುವ ಹಕ್ಕಿಯೂ ಸ್ವಲ್ಪ ಹೊತ್ತು ಮಂಕಾಗಿ ಬಾಲ ಆಡಿಸುವುದುಂಟು, ಆದರೆ ಅದು ಕೋಲಿನ ಮೇಲೆ ನಿಲ್ಲುತ್ತದೆ, ಕರೆದರೆ ಕಣ್ಣು ತೆರೆಯುತ್ತದೆ.

ಸಿಕ್ಕಿಕೊಂಡಿದೆ ಅನಿಸಿದ ಕೂಡಲೇ ಡಾಕ್ಟರಿಗೆ ಫೋನ್ ಮಾಡಿ. ಅಷ್ಟರಲ್ಲಿ ಗಾಳಿಯಾಡುವ ಸಣ್ಣ ಪೆಟ್ಟಿಗೆಯಲ್ಲಿ ಮೆತ್ತನೆ ಬಟ್ಟೆ ಹಾಸಿ, ಹಕ್ಕಿಯನ್ನು ಒಂಟಿಯಾಗಿ ಕತ್ತಲೆಯಲ್ಲಿ ಇಡಿ. ಹೊರಗಿನಿಂದ ಒಂದು ಬದಿಗೆ ಬಲ್ಬ್ ಶಾಖ ಕೊಟ್ಟು ಒಳಗೆ 30 ಡಿಗ್ರಿ ಆಸುಪಾಸು ಇರುವ ಹಾಗೆ ನೋಡಿಕೊಳ್ಳಿ. ಬೆಚ್ಚನೆ ನೀರಲ್ಲಿ ಅದ್ದಿದ ಬಟ್ಟೆ ಪಕ್ಕದಲ್ಲಿಟ್ಟರೆ ತೇವವೂ ಸಿಗುತ್ತದೆ. ಬೇಸಿಗೆಯಲ್ಲಿ ಕೋಣೆಯೇ ಅಷ್ಟು ಬಿಸಿ ಇದ್ದರೆ ಬಲ್ಬ್ ಬೇಡ, ತೇವ ಮತ್ತು ಮೌನ ಸಾಕು. ಎಣ್ಣೆ ಬಿಡುವುದು, ಬೆರಳಿನಿಂದ ಒತ್ತಿ ತೆಗೆಯುವುದು ಮಾಡಲೇಬೇಡಿ. ಡಾಕ್ಟರ್ ಕ್ಯಾಲ್ಸಿಯಂ ಇಂಜೆಕ್ಷನ್ ಕೊಟ್ಟು, ಬೇಕಾದರೆ ಎಕ್ಸ್-ರೇ ತೆಗೆದು ನೋಡುತ್ತಾರೆ. ನಾಳೆ ನೋಡೋಣ ಅನ್ನುವ ಕಾಯಿಲೆ ಇದಲ್ಲ.

ಹಕ್ಕಿ ನೋಡೋ ಡಾಕ್ಟರ್ ನಮ್ಮೂರಾಗ ಎಲ್ಲಿ ಸಿಗತಾರ್ರಿ?

ತಾಲ್ಲೂಕು, ಜಿಲ್ಲಾ ಪಶು ಆಸ್ಪತ್ರೆಗಳಲ್ಲಿ ಹೆಚ್ಚು ಬರುವುದು ದನ, ಎಮ್ಮೆ, ಆಡು, ಕುರಿ. ಅದಕ್ಕೇ ಮೂಗು ಕಂದಾದ ವಾರವೇ ಹೋಗಿ "ಸಣ್ಣ ಹಕ್ಕಿ ನೋಡುತ್ತೀರಾ?" ಅಂತ ಕೇಳಿ ನಂಬರ್ ಬರೆದಿಟ್ಟುಕೊಳ್ಳಿ. ಖಾಸಗಿ ಕ್ಲಿನಿಕ್ಕುಗಳಲ್ಲೂ ವಿಚಾರಿಸಿ. ಬಾಗಲಕೋಟೆ ಕಡೆಯವರಿಗೆ ಗದಗಿನ ಪಶುವೈದ್ಯಕೀಯ ಕಾಲೇಜು ಇನ್ನೊಂದು ದಾರಿ.

ಒಂಟಿ ಹೆಣ್ಣು ತತ್ತಿ ಇಟ್ಟಿದೆ. ಮರಿ ಆಗಲ್ಲ ಅಂದ್ಮೇಲೆ ಎಸೆದುಬಿಡಲಾ?

ಕೂಡಲೇ ಎಸೆಯಬೇಡಿ. ತತ್ತಿ ಮಾಯವಾದರೆ ಅವಳು ಅದನ್ನು ತುಂಬಲು ಇನ್ನೊಂದು ಇಡುತ್ತಾಳೆ. ಇಟ್ಟಷ್ಟನ್ನೂ ಅವಳ ಹತ್ತಿರವೇ ಬಿಡಿ. ಎರಡು ಮೂರು ವಾರ ಕೂತು, ಬೇಸತ್ತು ಎದ್ದುಹೋದ ಮೇಲೆ ತೆಗೆಯಿರಿ. ಗಂಡಿದ್ದ ಮನೆಯಲ್ಲಿ ಸಂಶಯ ಇದ್ದರೆ ಕಾವಿಗೆ ಕೂತ ಒಂದು ವಾರದ ಮೇಲೆ ಕತ್ತಲಲ್ಲಿ ಮೊಬೈಲ್ ಟಾರ್ಚ್ ಹಿಡಿದು ನೋಡಿ. ಕೆಂಪು ನರಗಳ ಜಾಲ ಕಂಡರೆ ಜೀವ ಇದೆ. ಬರೀ ಹಳದಿ ಬೆಳಕು ಕಂಡರೆ ಇಲ್ಲ.

ನಿಲ್ಲೋದೇ ಇಲ್ಲ, ಮತ್ತೆ ಮತ್ತೆ ಇಡ್ತಿದೆ. ನಿಲ್ಲಿಸೋದು ಹೇಗೆ?

ಬೆಳಕು ಕಡಿಮೆ ಮಾಡಿ. ದಿನಕ್ಕೆ ಹತ್ತು ತಾಸಿಗಿಂತ ಹೆಚ್ಚು ಬೆಳಕು ಸಿಗದಂತೆ ಸಂಜೆಯೇ ಪಂಜರಕ್ಕೆ ಗಾಳಿಯಾಡುವ ದಪ್ಪ ಬಟ್ಟೆ ಹೊದಿಸಿ. ಕನ್ನಡಿ, ಕುಡಿಕೆ, ಗುಡಾರದಂಥ ಆಟಿಕೆ ತೆಗೆಯಿರಿ. ಬೇಯಿಸಿದ ತತ್ತಿ, ನೆನೆಸಿದ ಕಾಳು ನಿಲ್ಲಿಸಿ, ಕಟಲ್ ಬೋನ್ ಮತ್ತು ತಪ್ಪಲು ಮಾತ್ರ ಮುಂದುವರಿಸಿ. ಪಂಜರದ ಜಾಗ ಬದಲಿಸಿ, ಒಳಗಿನ ಕೋಲುಗಳನ್ನೂ ಅದಲು ಬದಲು ಮಾಡಿ. ಅಪರಿಚಿತ ಅನಿಸಿದ ಜಾಗದಲ್ಲಿ ತತ್ತಿ ಇಡುವ ಮನಸ್ಸು ತಗ್ಗುತ್ತದೆ. ಇಷ್ಟಾದರೂ ನಿಲ್ಲದಿದ್ದರೆ ಡಾಕ್ಟರ್ ಹಾರ್ಮೋನಿನ ಚಿಕಿತ್ಸೆ ಕೊಡಬಲ್ಲರು.

ನಮ್ಮ ಗಂಡಿನ ನೀಲಿ ಮೂಗು ಈಗ ಕಂದಾಗಿದೆ. ಅದೂ ತತ್ತಿ ಇಡುತ್ತಾ?

ಇಲ್ಲ, ಇದನ್ನು ತಡಮಾಡದೆ ತೋರಿಸಿ. ನೀಲಿ ಮೂಗಿನ ಗಂಡಿಗೆ ಕಂದು ಬಣ್ಣ ಬಂದರೆ ವೃಷಣದಲ್ಲಿ ಗಡ್ಡೆ ಬೆಳೆಯುತ್ತಿರುವ ಸಂಭವ ಇದೆ.

ಎರಡು ಸಲ ಮರಿ ಮಾಡಿತು. ಮತ್ತೆ ಕುಡಿಕೆಗೆ ಹೋಗ್ತಿದೆ. ತೆಗೆದುಬಿಟ್ರೆ ಪಾಪ ಅಲ್ವಾ?

ಪಾಪ ಅಲ್ಲ. ವರ್ಷಕ್ಕೆ ಎರಡು ಸಲ ಸಾಕು. ಕೊನೆಯ ಮರಿ ಹೊರಬಂದು ತಾನೇ ಕಾಳು ಒಡೆದು ತಿನ್ನುವ ತನಕ ಕಾಯಿರಿ. ಆಮೇಲೆ ಕುಡಿಕೆ ಇಳಿಸಿ, ಬಿಸಿನೀರಲ್ಲಿ ಉಜ್ಜಿ ತೊಳೆದು, ನಾಲ್ಕು ದಿನ ಮಾಳಿಗೆ ಮೇಲೆ ಬಿಸಿಲಿಗೆ ಒಣಗಿಸಿ ಅಟ್ಟಕ್ಕೆ ಎತ್ತಿಡಿ. ಒಂದೆರಡು ದಿನ ಅವಳು ಆ ಖಾಲಿ ಜಾಗದಲ್ಲಿ ಜೋತುಬಿದ್ದು ಹುಡುಕುತ್ತಾಳೆ. ಆಗ ಕೊರೆಯಲು ಒಂದು ಬೇವಿನ ಟೊಂಗೆ ಕಟ್ಟಿಕೊಡಿ.